ಪೇಪರ್ ಪಲ್ಪ್ ಬಿಳಿ ಮಾಡಲು ಎಂಜೈಮ್: ಮಿಲ್ಲಿನಲ್ಲಿ ನಿಜವಾಗಿ ನಡೆಯುತ್ತದಾ, ಲ್ಯಾಬಿಗೆ ಮಾತ್ರವಾ?

ಉಡುಪಿ_ಬಯೋಟೆಕ್

ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರದ ಒಂದು ಕಾಲೇಜಿನಲ್ಲಿ ಬಯೋಟೆಕ್ನಾಲಜಿ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ತೆಗೆದುಕೊಂಡದ್ದು ಝೈಲನೇಸ್ ಎಂಜೈಮ್. ಪಲ್ಪ್ (ಕಾಗದ ಮಾಡುವ ನಾರಿನ ಮುದ್ದೆ) ಬ್ಲೀಚ್ ಮಾಡುವ ಮೊದಲು ಇದನ್ನು ಹಾಕಿದರೆ ಕ್ಲೋರಿನ್ ಕೆಮಿಕಲ್ ಕಡಿಮೆ ಸಾಕು, ಹೊಳೆಗೆ ಹೋಗುವ ವಿಷವೂ ಕಡಿಮೆ ಅಂತ ಓದಿದ್ದೇನೆ.

ಕೊಳೆತ ಅಡಿಕೆ ಸಿಪ್ಪೆಯಿಂದ ಒಂದು ಆಸ್ಪರ್ಜಿಲಸ್ ಬೂಷ್ಟು ಬೇರ್ಪಡಿಸಿ, ಗೋಧಿ ತೌಡಿನ ಮೇಲೆ ಬೆಳೆಸಿ ಎಂಜೈಮ್ ತೆಗೆದೆ. ಸಕ್ಕರೆ ಪತ್ತೆ ಮಾಡುವ ಡಿಎನ್‌ಎಸ್ ದ್ರಾವಣ ಹಾಕಿ ಕುದಿಯುವ ನೀರಿನಲ್ಲಿ ಐದು ನಿಮಿಷ ಇಟ್ಟಾಗ ಹಳದಿ ಟ್ಯೂಬ್ ಇಟ್ಟಿಗೆ ಕೆಂಪಿಗೆ ತಿರುಗಿತು. ಅಂದರೆ ಝೈಲಾನ್ (ಗಿಡಮರಗಳ ನಾರಿನಲ್ಲಿರುವ, ಸಕ್ಕರೆಯ ಸರಪಳಿಯಂಥ ವಸ್ತು) ಒಡೆದು ಸಕ್ಕರೆ ಬರುತ್ತಿದೆ. 50 ಡಿಗ್ರಿ, ಪಿಎಚ್ 5.5ರಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಎರಡು ತೊಂದರೆ ಉಂಟು. ಪ್ರಯೋಗಕ್ಕೆ ಬ್ಲೀಚ್ ಮಾಡದ ಪಲ್ಪ್ ಕರಾವಳಿಯಲ್ಲಿ ಎಲ್ಲಿ ಸಿಗುತ್ತದೆ? ಇನ್ನೊಂದು, "ಇದೆಲ್ಲ ಸುಮ್ನೆ ಪ್ರಾಜೆಕ್ಟ್ ಮಾಡೋದಕ್ಕೆ ಇರೋದು, ಯಾವ ಮಿಲ್ಲೂ ಬಳಸೋದಿಲ್ಲ" ಅಂತ ಸೀನಿಯರ್ ಒಬ್ಬರು ಹೇಳಿದರು. ನಿಜವಾ? ಗೊತ್ತಿರುವವರು ದಯವಿಟ್ಟು ಹೇಳಿ.

ಪಣಂಬೂರು_ಗಾಳಿ

ನಿಮ್ಮ ಸೀನಿಯರ್ ಹೇಳಿದ್ದು ಸರಿ. ಕ್ಲೋರಿನ್ ಅಗ್ಗ. ಅಗ್ಗದ್ದು ಬಿಟ್ಟು ಎಂಜೈಮ್ ಯಾರು ಹಾಕುತ್ತಾರೆ?

ಬ್ಲೀಚ್_ಪ್ಲಾಂಟ್_ನಿವೃತ್ತ

ಸರಿಯಲ್ಲ. ಘಟ್ಟದ ಮೇಲಿನ ಒಂದು ಮಿಲ್ಲಿನ ಬ್ಲೀಚ್ ಪ್ಲಾಂಟಿನಲ್ಲಿ ಸರ್ವಿಸ್ ಮುಗಿಸಿ ಈಗ ಕುಂದಾಪುರದಲ್ಲಿದ್ದೇನೆ. ಎಂಜೈಮ್ ಮಿಲ್ಲುಗಳಲ್ಲಿ ನಡೆಯುತ್ತದೆ, ನಮ್ಮ ದೇಶದಲ್ಲೂ. ಫಿನ್ಲೆಂಡಿನ ವಿಟಿಟಿ ಸಂಶೋಧನಾ ಸಂಸ್ಥೆಯ ಲೀಸಾ ವೀಕಾರಿ ಮತ್ತು ಅವರ ತಂಡ 1986ರಲ್ಲೇ ಇದನ್ನು ತೋರಿಸಿಕೊಟ್ಟರು. 1990ರ ದಶಕದ ಶುರುವಿನಲ್ಲಿ ಫಿನ್ಲೆಂಡ್, ಕೆನಡಾದ ಮಿಲ್ಲುಗಳು ಬಳಸತೊಡಗಿದವು.

ಆದರೆ ತಂಗಿ, ಮೊದಲು ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ. ಝೈಲನೇಸ್ ಪಲ್ಪನ್ನು ಬಿಳಿ ಮಾಡುವುದಿಲ್ಲ. ಬಿಳಿ ಮಾಡುವುದು ಕೆಮಿಕಲ್ಲೇ. ಎಂಜೈಮ್ ಅದಕ್ಕೆ ದಾರಿ ಬಿಡಿಸಿ ಕೊಡುತ್ತದೆ, ಅಷ್ಟೇ.

ಮರದ ಚಕ್ಕೆಯನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡಿನಲ್ಲಿ 160-170 ಡಿಗ್ರಿಯಲ್ಲಿ ಬೇಯಿಸುತ್ತೇವೆ. ಲಿಗ್ನಿನ್, ಅಂದರೆ ಮರದ ನಾರುಗಳನ್ನು ಅಂಟಿಸಿ ಹಿಡಿದ ವಸ್ತು, ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಕರಗಿ ಹೋಗುತ್ತದೆ. ಉಳಿದ ಒಂದು ಪಾಲೇ ಕಂದು ಬಣ್ಣ. ಬೇಯುವಾಗ ಮರದ ಝೈಲಾನ್ ಕೂಡ ಕರಗುತ್ತದೆ. ಕುಕ್ಕಿಂಗ್ ಮುಗಿಯುತ್ತ ಬಂದು ಕ್ಷಾರ ಇಳಿದಾಗ ಅದರಲ್ಲಿ ಸ್ವಲ್ಪ ತಿರುಗಿ ನಾರಿನ ಮೈಮೇಲೆ ಕೂರುತ್ತದೆ. ಪಾತ್ರೆಯ ತಳಕ್ಕೆ ಹಿಡಿದ ಗಂಜಿಯ ಪದರ ನೋಡಿದ್ದೀರಲ್ಲ, ಹಾಗೆ. ಅದರ ಅಡಿಯಲ್ಲಿ ಲಿಗ್ನಿನ್ ಸಿಕ್ಕಿಕೊಂಡಿರುತ್ತದೆ. ಝೈಲನೇಸ್ ಆ ಪದರವನ್ನು ತುಂಡು ತುಂಡು ಮಾಡಿದರೆ ಲಿಗ್ನಿನ್ ಹೊರಗೆ ಬರುವುದು ಸುಲಭ. ಆಮೇಲೆ ಹಾಕುವ ಕ್ಲೋರಿನ್ ಅಥವಾ ಕ್ಲೋರಿನ್ ಡಯಾಕ್ಸೈಡ್ ಕಡಿಮೆ ಸಾಕಾಗುತ್ತದೆ.

ಸುರತ್ಕಲ್_ಕೆಮಿಕಲ್

ಚೆನ್ನಾಗಿ ಹೇಳಿದಿರಿ ಸರ್. ಲೆಕ್ಕ ಬೇಕಾದವರಿಗೆ: ನೀಲಗಿರಿ, ಅಕೇಶಿಯಾದಂಥ ಗಟ್ಟಿ ಮರದ ಪಲ್ಪಿನಲ್ಲಿ ಕ್ಲೋರಿನ್ ಕೆಮಿಕಲ್ ಸಾಧಾರಣ 20-25 ಶೇಕಡಾ ಉಳಿತಾಯವಾಗುತ್ತದೆ. ಪೈನಿನಂಥ ಮೆದು ಮರದಲ್ಲಿ 10-15. ಗಟ್ಟಿ ಮರದಲ್ಲಿ ಝೈಲಾನ್ ಜಾಸ್ತಿ ಇರುವುದರಿಂದ ಲಾಭವೂ ಜಾಸ್ತಿ.

@ಪಣಂಬೂರು_ಗಾಳಿ, ಅಗ್ಗದ ಪ್ರಶ್ನೆಗೆ: ಎಂಜೈಮ್ ಟನ್ನಿಗೆ ಕೆಲವು ನೂರು ಗ್ರಾಂ ಇದ್ದರೆ ಆಯಿತು. ಹೊಸ ಯಂತ್ರವೂ ಹೆಚ್ಚು ಬೇಡ. ತೊಳೆದ ಪಲ್ಪ್ ಹೇಗೂ ಸ್ಟೋರೇಜ್ ಟವರಿನಲ್ಲಿ ಒಂದೆರಡು ಗಂಟೆ ನಿಂತಿರುತ್ತದೆ. ಅಲ್ಲಿಗೇ ಹಾಕುತ್ತಾರೆ.

ಪಣಂಬೂರು_ಗಾಳಿ

ಕಾಲು ಭಾಗ ಉಳಿತಾಯವಾದರೆ ಮುಕ್ಕಾಲು ಭಾಗ ಹೊಳೆಗೇ ಹೋಯಿತಲ್ಲ? "ಕಡಿಮೆ ಮಾಲಿನ್ಯ" ಅಂತ ಬೋರ್ಡು ಹಾಕಿಕೊಳ್ಳಲು ಒಂದು ದಾರಿ ಆಯಿತು. ಕ್ಲೋರಿನ್ ಪೂರ್ತಿ ಬಿಟ್ಟುಬಿಡಿ ಅನ್ನಬೇಕು. ನಾನು ಬೈಕಂಪಾಡಿ ಕೈಗಾರಿಕಾ ಪ್ರದೇಶದ ಪಕ್ಕದಲ್ಲೇ ಬೆಳೆದವನು. "ಮೊದಲಿಗಿಂತ ಕಡಿಮೆ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ.

ಗುರುಪುರ_ಹೊಳೆ

ಪಣಂಬೂರಿನವರ ಸಿಟ್ಟು ನನಗೆ ಅರ್ಥವಾಗುತ್ತದೆ. ಸಿಟ್ಟಿಗೆ ಕಾರಣ ಇಲ್ಲದೆ ಇಲ್ಲ. ಕ್ಲೋರಿನ್ ಲಿಗ್ನಿನ್ನಿಗೆ ಅಂಟಿದಾಗ ಕ್ಲೋರಿನ್ ಸೇರಿದ ನೂರಾರು ಬಗೆಯ ವಸ್ತುಗಳು ಹುಟ್ಟುತ್ತವೆ. ಒಟ್ಟು ಅಳತೆಗೆ ಎಒಎಕ್ಸ್ ಅನ್ನುತ್ತಾರೆ. ಅದರಲ್ಲೇ ಡಯಾಕ್ಸಿನ್ ಅನ್ನುವ ಘೋರ ವಿಷ ಕೂಡ ಬರುತ್ತದೆ. 1980ರ ದಶಕದಲ್ಲಿ ಅಮೆರಿಕ, ಸ್ವೀಡನ್ನಿನಲ್ಲಿ ಪಲ್ಪ್ ಮಿಲ್ಲಿನ ಕೆಳಗಿನ ನೀರು, ಮೀನುಗಳಲ್ಲಿ ಡಯಾಕ್ಸಿನ್ ಸಿಕ್ಕಿದ ಮೇಲೆಯೇ ಇಡೀ ಉದ್ಯಮ ಎಚ್ಚೆತ್ತದ್ದು. ತಾನಾಗಿ ಎಚ್ಚೆತ್ತದ್ದಲ್ಲ.

ಮಲ್ಪೆ_ಬೋಟ್

ಡಯಾಕ್ಸಿನ್ ನೀರಿನಲ್ಲಿ ಕರಗಿ ಸಮುದ್ರಕ್ಕೆ ಬರುತ್ತದಾ? ಹೊಳೆ ಎಲ್ಲ ಬಂದು ಸೇರುವುದು ನಾವು ಬಲೆ ಹಾಕುವ ಕಡೆಗೇ ಅಲ್ವಾ.

ಗುರುಪುರ_ಹೊಳೆ

ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಕೆಸರಿಗೆ ಅಂಟುತ್ತದೆ, ಕೊಬ್ಬಿನಲ್ಲಿ ಕೂರುತ್ತದೆ. ಕೆಸರಿನ ಹುಳ, ಹುಳ ತಿನ್ನುವ ಮೀನು, ಸಣ್ಣ ಮೀನು ತಿನ್ನುವ ದೊಡ್ಡ ಮೀನು, ಹೀಗೆ ಮೇಲೆ ಹೋದಷ್ಟೂ ಜಾಸ್ತಿಯಾಗುತ್ತದೆ. ಹಾಗಾಗಿ ಹೊಳೆಯ ನೀರು ಕಣ್ಣಿಗೆ ತಿಳಿಯಾಗಿ ಕಂಡ ಮಾತ್ರಕ್ಕೆ ಸಮಾಧಾನ ಪಡುವ ಹಾಗಿಲ್ಲ.

ಬ್ಲೀಚ್_ಪ್ಲಾಂಟ್_ನಿವೃತ್ತ

ಕ್ಲೋರಿನ್ ಗ್ಯಾಸನ್ನು ನೇರ ಹಾಕುವ ಕಾಲ ದೊಡ್ಡ ಮಿಲ್ಲುಗಳಲ್ಲಿ ಬಹುತೇಕ ಮುಗಿದಿದೆ. ಮೊದಲು ನಮ್ಮ ಕಡೆ ಕ್ರಮ ಹೀಗಿತ್ತು: ಕ್ಲೋರಿನ್, ಆಮೇಲೆ ಕ್ಷಾರ, ಆಮೇಲೆ ಎರಡು ಸಲ ಹೈಪೊ (ಹೈಪೊಕ್ಲೋರೈಟ್). ಈಗ ಕ್ಲೋರಿನ್ ಡಯಾಕ್ಸೈಡ್. ಹೆಸರಿನಲ್ಲಿ ಕ್ಲೋರಿನ್ ಇದ್ದರೂ ಕೆಲಸ ಬೇರೆ. ಇದು ಲಿಗ್ನಿನ್ನಿಗೆ ಅಂಟುವುದಕ್ಕಿಂತ ಹೆಚ್ಚಾಗಿ ಅದನ್ನು ಆಕ್ಸಿಡೈಸ್ ಮಾಡಿ ಒಡೆಯುತ್ತದೆ. ಎಒಎಕ್ಸ್ ಕ್ಲೋರಿನ್ನಿನ ಸುಮಾರು ಐದರಲ್ಲಿ ಒಂದಕ್ಕೆ ಇಳಿಯುತ್ತದೆ.

ಆದರೆ ಅದನ್ನು ಸಿಲಿಂಡರಿನಲ್ಲಿ ತುಂಬಿ ತರುವ ಹಾಗಿಲ್ಲ. ಗಾಳಿಯಲ್ಲಿ ಶೇಕಡಾ 10ರ ಮೇಲೆ ಹೋದರೆ ಸಿಡಿಯುತ್ತದೆ. ಮಿಲ್ಲಿನೊಳಗೇ ತಯಾರಿಸಬೇಕು. ಆ ಜನರೇಟರ್ ದುಬಾರಿ. ಎಂಜೈಮಿನ ಬೆಲೆ ಗೊತ್ತಾಗುವುದು ಇಲ್ಲಿಯೇ. ಇರುವ ಜನರೇಟರಿನಲ್ಲೇ ಜಾಸ್ತಿ ಪಲ್ಪ್ ಬ್ಲೀಚ್ ಮಾಡಬಹುದು. ಜನರೇಟರ್ ಇಲ್ಲದ ಸಣ್ಣ ಮಿಲ್ಲಿಗೆ ಕ್ಲೋರಿನ್ ಇಳಿಸುವ ಕೈಗೆಟಕುವ ದಾರಿ ಇದು.

ಹಂಪನಕಟ್ಟೆ_ಪ್ರೆಸ್

ಮಂಗಳೂರಿನಲ್ಲಿ ಚಿಕ್ಕ ಪ್ರೆಸ್ ಇಟ್ಟುಕೊಂಡಿದ್ದೇನೆ. ಕೆಮಿಕಲ್ ಗೊತ್ತಿಲ್ಲ, ಗಿರಾಕಿ ಗೊತ್ತು. ಮದುವೆ ಕಾಗದ ಮಾಡಿಸಲು ಬಂದವರು ಎರಡು ಸ್ಯಾಂಪಲ್ ಪಕ್ಕಪಕ್ಕ ಇಟ್ಟು "ಇನ್ನೂ ಬಿಳಿ ಇಲ್ವಾ?" ಅಂತ ಕೇಳುತ್ತಾರೆ. ಕೆನೆ ಬಣ್ಣದ ನ್ಯಾಚುರಲ್ ಶೇಡ್ ಪೇಪರ್ ಕಣ್ಣಿಗೂ ಹಿತ, ಓದಲೂ ಚೆನ್ನ. ಮುಟ್ಟಿ ನೋಡಿ ಪಕ್ಕಕ್ಕಿಡುತ್ತಾರೆ.

ಆ ಹಾಲಿನ ಬಿಳುಪು ಬ್ಲೀಚಿನಿಂದ ಮಾತ್ರ ಬರುವುದಲ್ಲ. ಆಪ್ಟಿಕಲ್ ಬ್ರೈಟ್ನರ್ ಹಾಕಿರುತ್ತಾರೆ. ನೋಟು ಚೆಕ್ ಮಾಡುವ ಯುವಿ ಲೈಟಿನ ಕೆಳಗೆ ಒಂದು ಎ4 ಹಾಳೆ ಇಟ್ಟು ನೋಡಿ. ನೀಲಿ ಬಣ್ಣದಲ್ಲಿ ಜಗ್ಗನೆ ಹೊಳೆಯುತ್ತದೆ. ಅಸಲಿ ನೋಟಿನ ಕಾಗದ ಹಾಗೆ ಹೊಳೆಯುವುದಿಲ್ಲ, ಅದಕ್ಕೆ ಬ್ರೈಟ್ನರ್ ಹಾಕುವುದಿಲ್ಲ. ನಮ್ಮ ಮನೆ ಮಕ್ಕಳಿಗೆ ತೋರಿಸಿದೆ, ಬಾಯಿ ಬಿಟ್ಟುಕೊಂಡು ನೋಡಿದರು.

ಕಾರ್ಕಳ_ಮಾಸ್ತರು

ಅದಕ್ಕೇ ಹಳೇ ಕಾಲದ ಕಾಗದ ಒಳ್ಳೆಯದು ಅನ್ನುವುದು. ಮಂಗಳೂರು ಸಮಾಚಾರ 1843ರಲ್ಲಿ ಅಚ್ಚಾದಾಗ ಕ್ಲೋರಿನ್ ಎಲ್ಲಿತ್ತು? ಬಾಸೆಲ್ ಮಿಷನ್ ಪ್ರೆಸ್ಸಿನ ಹಳೇ ಪುಸ್ತಕಗಳು ಇವತ್ತಿಗೂ ಗಟ್ಟಿ.

ಸುರತ್ಕಲ್_ಕೆಮಿಕಲ್

ಮಾಸ್ತರೇ, ಕ್ಲೋರಿನ್ ಆಗಲೇ ಇತ್ತು. ಸ್ವೀಡನ್ನಿನ ಶೀಲೆ 1774ರಲ್ಲಿ ಕಂಡುಹಿಡಿದ. 1799ರಲ್ಲೇ ಬ್ಲೀಚಿಂಗ್ ಪೌಡರಿಗೆ ಪೇಟೆಂಟ್ ಆಗಿದೆ. 19ನೇ ಶತಮಾನದಲ್ಲಿ ಯುರೋಪಿನ ಕಾಗದದವರು ಚಿಂದಿ ಬಟ್ಟೆಯ ಪಲ್ಪಿಗೂ ಅದನ್ನು ಹಾಕುತ್ತಿದ್ದರು. ಹಳೇ ಕಾಗದ ಗಟ್ಟಿ ಇರುವುದು ಹತ್ತಿ, ನಾರುಬಟ್ಟೆಯ ಚಿಂದಿಯಿಂದ ಮಾಡಿದ್ದಕ್ಕೆ. ಅದರಲ್ಲಿ ಲಿಗ್ನಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಕಾರ್ಕಳ_ಮಾಸ್ತರು

ಒಪ್ಪಿದೆ. ಹಾಗಾದರೆ ದಿನಪತ್ರಿಕೆ ಎರಡು ದಿನ ಬಿಸಿಲಿಗೆ ಬಿದ್ದರೆ ಹಳದಿಯಾಗುವುದು ಬ್ಲೀಚ್ ಜಾಸ್ತಿಯಾಗಿ ಅಲ್ವಾ?

ಬ್ಲೀಚ್_ಪ್ಲಾಂಟ್_ನಿವೃತ್ತ

ತಿರುಗಾಮುರುಗಾ ಮಾಸ್ತರೇ. ನ್ಯೂಸ್‌ಪ್ರಿಂಟ್ ಹೆಚ್ಚಾಗಿ ಮರವನ್ನು ಯಂತ್ರದಲ್ಲಿ ಅರೆದು ಮಾಡಿದ ಪಲ್ಪ್, ಇಲ್ಲದಿದ್ದರೆ ಹಳೇ ಪತ್ರಿಕೆಯದ್ದೇ ಪಲ್ಪ್. ಲಿಗ್ನಿನ್ ಒಳಗೇ ಉಳಿದಿರುತ್ತದೆ. ಬಿಸಿಲಿಗೆ ಹಳದಿಯಾಗುವುದು ಆ ಲಿಗ್ನಿನ್ನೇ.

ಪಣಂಬೂರು_ಗಾಳಿ

ವಿಷಯಕ್ಕೆ ಬನ್ನಿ ಮಾರಾಯ್ರೆ. ಕ್ಲೋರಿನ್ ಸುತರಾಂ ಬೇಡ, ಆಕ್ಸಿಜನ್, ಓಝೋನ್, ಪೆರಾಕ್ಸೈಡ್ ಸಾಕು ಅಂತ ಹೊರದೇಶದಲ್ಲಿ ಮಾಡುತ್ತಾರೆ. ಇಲ್ಲಿ ಯಾಕೆ ಆಗುವುದಿಲ್ಲ?

ಸುರತ್ಕಲ್_ಕೆಮಿಕಲ್

ಆಗುತ್ತದೆ, ಟಿಸಿಎಫ್ (ಪೂರ್ತಿ ಕ್ಲೋರಿನ್ ಇಲ್ಲದ ಬ್ಲೀಚಿಂಗ್) ಅನ್ನುವುದು ಅದಕ್ಕೇ. ಆದರೆ ಪ್ರಪಂಚದಲ್ಲಿ ಅದರ ಪಾಲು ಚಿಕ್ಕದು. ಬಿಳುಪು ತರಲು ಪಲ್ಪನ್ನು ಜಾಸ್ತಿ ದಂಡಿಸಬೇಕಾಗುತ್ತದೆ, ನಾರಿನ ಬಲ ಇಳಿಯುವ ಭಯ ಇದೆ, ಬಂಡವಾಳವೂ ಜಾಸ್ತಿ. ನಡುವಿನ ದಾರಿ ಅಂದರೆ ಮೊದಲು ಆಕ್ಸಿಜನ್ ಕೊಟ್ಟು ಉಳಿದ ಲಿಗ್ನಿನ್ನಿನ ಅರ್ಧದಷ್ಟು ತೆಗೆಯುವುದು, ಆಮೇಲೆ ಎಂಜೈಮ್, ಆಮೇಲೆ ಕಡಿಮೆ ಕ್ಲೋರಿನ್ ಡಯಾಕ್ಸೈಡ್.

ಇನ್ನೊಂದು ಮುಖ್ಯ ಸಂಗತಿ ಇದೆ, ಇದನ್ನು ಜನ ಗಮನಿಸುವುದಿಲ್ಲ. ಮರ ಬೇಯಿಸಿದ ಕಪ್ಪು ನೀರು, ಬ್ಲ್ಯಾಕ್ ಲಿಕರ್, ಹೊಳೆಗೆ ಬಿಡಬೇಕಾಗಿಲ್ಲ. ಗಟ್ಟಿ ಮಾಡಿ ರಿಕವರಿ ಬಾಯ್ಲರಿನಲ್ಲಿ ಸುಟ್ಟರೆ ಹಬೆಯೂ ಸಿಗುತ್ತದೆ, ಕೆಮಿಕಲ್ಲೂ ವಾಪಸ್ ಸಿಗುತ್ತದೆ. ಆಕ್ಸಿಜನ್ ಹಂತದ ನೀರನ್ನೂ ಅದಕ್ಕೇ ಕಳಿಸಬಹುದು. ಬ್ಲೀಚ್ ಪ್ಲಾಂಟಿನ ನೀರನ್ನು ಹಾಗೆ ಕಳಿಸಲು ಆಗುವುದಿಲ್ಲ, ಅದರಲ್ಲಿರುವ ಕ್ಲೋರೈಡ್ ಬಾಯ್ಲರನ್ನೇ ತಿಂದುಹಾಕುತ್ತದೆ. ಹಾಗಾಗಿ ಅದು ಟ್ರೀಟ್‌ಮೆಂಟ್ ಪ್ಲಾಂಟ್ ದಾಟಿ ಹೊರಗೇ ಹೋಗಬೇಕು. ಬ್ಲೀಚಿಗೆ ಬರುವ ಮೊದಲೇ ಲಿಗ್ನಿನ್ ಎಷ್ಟು ತೆಗೆದಿರೋ ಅಷ್ಟು ಹೊಳೆ ಉಳಿಯಿತು.

ಶಿರ್ವ_ತೋಟ

ಪೇಪರ್ ಮಿಲ್ಲಿನ ಹತ್ತಿರ ಹೋದರೆ ಕೊಳೆತ ಮೊಟ್ಟೆ ವಾಸನೆ ಬರುತ್ತದಲ್ಲ, ಅದು ಬ್ಲೀಚಿನದ್ದಾ?

ಬ್ಲೀಚ್_ಪ್ಲಾಂಟ್_ನಿವೃತ್ತ

ಅಲ್ಲ. ಅದು ಬೇಯಿಸುವಾಗ ಹುಟ್ಟುವ ಗಂಧಕದ ಅನಿಲಗಳು. ಎಂಜೈಮ್ ಹಾಕಿದರೆ ಆ ವಾಸನೆ ಹೋಗುವುದಿಲ್ಲ.

ಗುರುಪುರ_ಹೊಳೆ

ಕಾನೂನಿನ ಬಗ್ಗೆ ಎರಡು ಮಾತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2003ರಲ್ಲಿ ಕ್ರೆಪ್ ಅನ್ನುವ ಚಾರ್ಟರ್ ತಂದಿತು. ದೊಡ್ಡ ಮಿಲ್ಲುಗಳು ಎಒಎಕ್ಸನ್ನು ಟನ್ ಕಾಗದಕ್ಕೆ ಎರಡು ವರ್ಷದಲ್ಲಿ 1.5 ಕಿಲೋಗೆ, ಐದು ವರ್ಷದಲ್ಲಿ 1 ಕಿಲೋಗೆ ಇಳಿಸಬೇಕು ಅಂತ ಅದರಲ್ಲಿದೆ. ಕೊಳೆಯದೆ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಭಾರತ 2006ರಲ್ಲಿ ಸೇರಿತು. ಅದರಲ್ಲಿ ಕ್ಲೋರಿನ್ನಿನಿಂದ ಪಲ್ಪ್ ಬ್ಲೀಚ್ ಮಾಡುವುದನ್ನು ಡಯಾಕ್ಸಿನ್ನಿನ ಮೂಲ ಅಂತ ಹೆಸರು ಹಿಡಿದೇ ಬರೆದಿದೆ. ಒತ್ತಡ ಹೊರಗಿನಿಂದ ಬಂದಾಗಲೇ ಎಂಜೈಮ್ ಮಾರುವವರಿಗೆ ಮಿಲ್ಲಿನ ಬಾಗಿಲು ತೆರೆಯಿತು.

ಕರ್ನಾಟಕದಲ್ಲಿ ಜನರ ಹೋರಾಟವೂ ಚಿಕ್ಕದಲ್ಲ. ಹಾನಗಲ್ ಕಡೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ರೈತರು ಪಲ್ಪಿಗೆಂದು ನೆಟ್ಟ ನೀಲಗಿರಿ ಸಸಿ ಕಿತ್ತು ಬೇರೆ ಸಸಿ ನೆಟ್ಟರು. ಕಿತ್ತಿಕೊ ಹಚ್ಚಿಕೊ ಸತ್ಯಾಗ್ರಹ ಅದೇ. ಆ ವಿಚಾರದಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ನಮ್ಮ ಕೋಟದ ಶಿವರಾಮ ಕಾರಂತರೂ ಇದ್ದರು.

ಶಿರ್ವ_ತೋಟ

ಕಾರಂತರ ವಿಷಯ ಬಂದದ್ದು ಒಳ್ಳೆಯದಾಯಿತು. ನಮ್ಮ ಗುಡ್ಡಗಳಲ್ಲಿ ಹರಡಿರುವ ಅಕೇಶಿಯಾ ಪಲ್ಪಿಗೆ ಬರುವ ಮರ. ಅದರ ಬುಡದಲ್ಲಿ ಒಂದು ಹುಲ್ಲೂ ಸರಿಯಾಗಿ ಏಳುವುದಿಲ್ಲ. ಎಂಜೈಮ್ ಹಾಕಿ ಹೊಳೆ ಉಳಿಸಿದರೂ ಗುಡ್ಡ ಉಳಿಯಬೇಕಲ್ಲ.

ಸುರತ್ಕಲ್_ಕೆಮಿಕಲ್

ಅದು ಬೇರೆಯೇ ದೊಡ್ಡ ಚರ್ಚೆ. ಇನ್ನೊಂದು ದಿನ ಮಾಡೋಣ. ಹುಡುಗಿಯ ಪ್ರಾಜೆಕ್ಟಿಗೆ ಬರೋಣ, ಪಾಪ, ಪಲ್ಪ್ ಎಲ್ಲಿ ಅಂತ ಕೇಳಿ ಎಷ್ಟು ಹೊತ್ತಾಯಿತು.

ಕಾಪು_ಹುಡುಗ

ಪಲ್ಪಿಗೆ ಅಷ್ಟು ಯೋಚನೆ ಯಾಕೆ? ಅಂಗಡಿಯ ಖಾಕಿ ಕವರ್ ನೀರಿನಲ್ಲಿ ನೆನೆಸಿ ಮಿಕ್ಸಿಗೆ ಹಾಕಿದರೆ ಆಯಿತು.

ಬ್ಲೀಚ್_ಪ್ಲಾಂಟ್_ನಿವೃತ್ತ

ಬೇಡ. ಖಾಕಿ ಕವರಿನಲ್ಲಿ ಹಳೇ ರದ್ದಿ ಸೇರಿರುತ್ತದೆ, ಪಿಷ್ಟ, ಸೈಜಿಂಗ್ (ನೀರು ಹೀರದಂತೆ ಮಾಡುವ ವಸ್ತು) ಹಾಕಿರುತ್ತಾರೆ. ಒಮ್ಮೆ ಒಣಗಿದ ನಾರಿನ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಎಂಜೈಮ್ ಒಳಗೆ ಹೋಗುವುದು ಕಷ್ಟ. ಬರುವ ಫಲಿತಾಂಶ ಯಾವುದರದ್ದು ಅಂತ ಯಾರಿಗೂ ಹೇಳಲಾಗುವುದಿಲ್ಲ.

ಕೆಲವರು ಕಾಲೇಜಿನ ಆಟೋಕ್ಲೇವಿನಲ್ಲಿ ಸೋಡಿಯಂ ಸಲ್ಫೈಡ್ ಹಾಕಿ ಬೇಯಿಸಲು ಹೋಗುತ್ತಾರೆ. ಅದನ್ನಂತೂ ಮಾಡಲೇಬೇಡಿ. ಹೈಡ್ರೋಜನ್ ಸಲ್ಫೈಡ್ ಬಂದರೆ ಮುಚ್ಚಿದ ರೂಮಿನಲ್ಲಿ ಪ್ರಾಣಕ್ಕೇ ಅಪಾಯ.

ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಒಂದು ಮಿಲ್ಲಿನ ಲ್ಯಾಬಿಗೆ ಪತ್ರ ಬರೆಯಿರಿ. ಕೆಲವು ಕಿಲೋ ಪಲ್ಪ್ ಅವರಿಗೆ ದೊಡ್ಡ ಸಂಗತಿಯೇ ಅಲ್ಲ. ಸಹಾರನ್‌ಪುರದಲ್ಲಿ ಸಿಪಿಪಿಆರ್‌ಐ, ಅಂದರೆ ಕೇಂದ್ರದ ಪಲ್ಪ್ ಮತ್ತು ಕಾಗದ ಸಂಶೋಧನಾ ಸಂಸ್ಥೆ ಇದೆ. ಐಐಟಿ ರೂರ್ಕಿಯ ಕಾಗದ ತಂತ್ರಜ್ಞಾನ ವಿಭಾಗವೂ ಅದೇ ಊರಿನಲ್ಲಿದೆ. ಕೇಳುವುದರಲ್ಲಿ ತಪ್ಪಿಲ್ಲ. ಕೇಳುವಾಗ "ಬ್ರೌನ್ ಸ್ಟಾಕ್ (ಬ್ಲೀಚ್ ಮಾಡದ ಕಂದು ಪಲ್ಪ್), ತೊಳೆದದ್ದು, ಒಣಗಿಸದೆ ಇದ್ದದ್ದು" ಅಂತ ಸ್ಪಷ್ಟವಾಗಿ ಬರೆಯಿರಿ. ಯಾವ ಮರ, ಕಪ್ಪಾ ನಂಬರ್ (ಪಲ್ಪಿನಲ್ಲಿ ಉಳಿದ ಲಿಗ್ನಿನ್ನಿನ ಅಳತೆ) ಎಷ್ಟು ಅಂತಲೂ ಕೇಳಿ.

ಉಡುಪಿ_ಬಯೋಟೆಕ್

ತುಂಬಾ ಥ್ಯಾಂಕ್ಸ್ ಸರ್. ಕಪ್ಪಾ ನಂಬರ್ ನಮ್ಮ ಲ್ಯಾಬಿನಲ್ಲೇ ಮಾಡಬಹುದಾ?

ಬ್ಲೀಚ್_ಪ್ಲಾಂಟ್_ನಿವೃತ್ತ

ಖಂಡಿತ. ಟೈಟ್ರೇಶನ್ ಅಷ್ಟೇ. ಪಲ್ಪನ್ನು ನೀರಿನಲ್ಲಿ ಚೆನ್ನಾಗಿ ಬಿಡಿಸಿ, ಆಮ್ಲ ಬೆರೆಸಿದ ಪರ್ಮ್ಯಾಂಗನೇಟ್ ಹಾಕಿ, 25 ಡಿಗ್ರಿಯಲ್ಲಿ ಸರಿಯಾಗಿ ಹತ್ತು ನಿಮಿಷ ಕಲಕುತ್ತ ಇರಬೇಕು. ಲಿಗ್ನಿನ್ ಜಾಸ್ತಿ ಇದ್ದಷ್ಟೂ ಪರ್ಮ್ಯಾಂಗನೇಟ್ ಖರ್ಚು. ಹತ್ತು ನಿಮಿಷ ಆದ ಕೂಡಲೇ ಪೊಟ್ಯಾಶಿಯಂ ಅಯೋಡೈಡ್ ಹಾಕಿ. ನೇರಳೆ ಹೋಗಿ ಅಯೋಡಿನ್ನಿನ ಕಂದು ಬಣ್ಣ ಬರುತ್ತದೆ. ಅದನ್ನು ಥಯೋಸಲ್ಫೇಟ್ ಹನಿಸಿ ಟೈಟ್ರೇಟ್ ಮಾಡಿ, ತಿಳಿ ಹಳದಿಯಾದಾಗ ಸ್ಟಾರ್ಚ್ ಹಾಕಿದರೆ ಕಡು ನೀಲಿ. ನೀಲಿ ಹೋದಲ್ಲಿಗೆ ನಿಲ್ಲಿಸಬೇಕು. ಕಪ್ಪಾವನ್ನು 0.15ರಿಂದ ಗುಣಿಸಿದರೆ ಲಿಗ್ನಿನ್ ಶೇಕಡಾವಾರು ಅಂದಾಜು ಸಿಗುತ್ತದೆ. ಕಪ್ಪಾ 20 ಅಂದರೆ ಸುಮಾರು 3 ಶೇಕಡಾ.

ಕರಾವಳಿಯ ಸೆಕೆಯಲ್ಲಿ 25 ಡಿಗ್ರಿ ತಾನಾಗಿ ಇರುವುದಿಲ್ಲ. ವಾಟರ್ ಬಾತ್ ಇಡಿ.

ಸುರತ್ಕಲ್_ಕೆಮಿಕಲ್

ಒಂದು ಎಚ್ಚರಿಕೆ. ಗಟ್ಟಿ ಮರದ ಪಲ್ಪಿನಲ್ಲಿ ಕಪ್ಪಾ ಪೂರ್ತಿ ಲಿಗ್ನಿನ್ನಿನದ್ದಲ್ಲ. ಬೇಯುವಾಗ ಝೈಲಾನಿನ ಪಕ್ಕದ ಗುಂಪುಗಳು ಹೆಕ್ಸೆನ್ಯುರೋನಿಕ್ ಆಮ್ಲವಾಗಿ ಬದಲಾಗುತ್ತವೆ. ಅದೂ ಪರ್ಮ್ಯಾಂಗನೇಟ್ ತಿನ್ನುತ್ತದೆ, ಬ್ಲೀಚ್ ಕೆಮಿಕಲ್ಲನ್ನೂ ತಿನ್ನುತ್ತದೆ. ಎಂಜೈಮ್ ಹಾಕಿದ ಮೇಲೆ ಕಪ್ಪಾ ಇಳಿದರೆ "ಲಿಗ್ನಿನ್ ಹೋಯಿತು" ಅಂತ ನೇರ ಬರೆಯಬೇಡಿ. ಸ್ವಲ್ಪ ಲಿಗ್ನಿನ್, ಸ್ವಲ್ಪ ಈ ಆಮ್ಲ. ವೈವಾದಲ್ಲಿ ಇದನ್ನು ಹೇಳಿದರೆ ಎಕ್ಸಾಮಿನರ್ ಖುಷಿಪಡುತ್ತಾರೆ.

ಮಣಿಪಾಲ_ಮೈಕ್ರೋ

ಈಗ ನೋಡಿದೆ ಈ ಚರ್ಚೆ. ನಿಮ್ಮ ಎಂಜೈಮಿನ ಬಗ್ಗೆ ಯಾರೂ ಕೇಳಲಿಲ್ಲ, ನಾನು ಕೇಳುತ್ತೇನೆ. ಸೆಲ್ಯುಲೇಸ್ ಚೆಕ್ ಮಾಡಿದ್ದೀರಾ? ಆಸ್ಪರ್ಜಿಲಸ್ ಝೈಲನೇಸಿನ ಜೊತೆ ಸೆಲ್ಯುಲೇಸ್ ಕೂಡ ಬಿಡುವುದು ಸಾಮಾನ್ಯ. ಸೆಲ್ಯುಲೇಸ್ ನಾರನ್ನೇ ಕತ್ತರಿಸುತ್ತದೆ. ಕಾಗದದ ಬಲವೇ ಹೋಯಿತು.

ಸುಲಭ ಪರೀಕ್ಷೆ: ಒಂದು ಪ್ಲೇಟಿನಲ್ಲಿ ಝೈಲಾನ್ ಅಗಾರ್, ಇನ್ನೊಂದರಲ್ಲಿ ಸಿಎಂಸಿ (ಸೆಲ್ಯುಲೋಸಿನಿಂದ ಮಾಡಿದ ಪುಡಿ) ಅಗಾರ್. ಎರಡರಲ್ಲೂ ಬೆಳೆಸಿ, ಕಾಂಗೋ ರೆಡ್ ಬಣ್ಣ ಸುರಿದು, ಉಪ್ಪುನೀರಿನಲ್ಲಿ ತೊಳೆಯಿರಿ. ಕೆಂಪು ಹಿನ್ನೆಲೆಯಲ್ಲಿ ತಿಳಿ ಹಳದಿ ಉಂಗುರ ಝೈಲಾನ್ ಪ್ಲೇಟಿನಲ್ಲಿ ಬರಬೇಕು, ಸಿಎಂಸಿ ಪ್ಲೇಟಿನಲ್ಲಿ ಬರಬಾರದು.

ಬ್ಲೀಚ್_ಪ್ಲಾಂಟ್_ನಿವೃತ್ತ

ಇದು ನೂರಕ್ಕೆ ನೂರು ಸತ್ಯ. ಒಮ್ಮೆ ನಮ್ಮಲ್ಲಿ ಒಬ್ಬ ಸಪ್ಲೈಯರಿನ ಎಂಜೈಮ್ ಟ್ರಯಲ್ ಇಟ್ಟಿದ್ದರು. ಬ್ಲೀಚ್ ಚೆನ್ನಾಗಿಯೇ ಬಂತು. ಆದರೆ ಪೇಪರ್ ಮೆಷಿನ್ನಿನಲ್ಲಿ ಹಾಳೆ ಪದೇ ಪದೇ ಕಡಿಯತೊಡಗಿತು. ಮೆಷಿನ್ನಿನವರು ಬಂದು ಗಲಾಟೆ. ಟ್ರಯಲ್ ನಿಲ್ಲಿಸಿದರು. ಆಮೇಲೆ ವರ್ಷಗಟ್ಟಲೆ ಎಂಜೈಮ್ ಅಂದರೆ ಮ್ಯಾನೇಜರಿಗೆ ಆಗುತ್ತಿರಲಿಲ್ಲ. ಒಂದು ಕೆಟ್ಟ ಟ್ರಯಲ್ ಹತ್ತು ಒಳ್ಳೆಯ ಟ್ರಯಲ್ಲುಗಳ ದಾರಿ ಮುಚ್ಚುತ್ತದೆ. ಅದಕ್ಕೇ ಲ್ಯಾಬಿನವರು ಈ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು ಅಂತ ನನಗೆ ಅನಿಸುವುದು.

ಇನ್ನೊಂದು, ಪಿಎಚ್. ನಿಮ್ಮದು 5.5, 50 ಡಿಗ್ರಿ. ಟವರಿಗೆ ಬರುವ ಪಲ್ಪ್ ಪಿಎಚ್ 9-10, 60-70 ಡಿಗ್ರಿ ಬಿಸಿ. 5.5ಕ್ಕೆ ಇಳಿಸಬೇಕಾದರೆ ಆಮ್ಲ ಸುರಿಯಬೇಕು. ಖರ್ಚು, ಅದರ ಮೇಲೆ ಕಬ್ಬಿಣಕ್ಕೆ ತುಕ್ಕು. ಮೊದಮೊದಲು ಬಂದ ಎಂಜೈಮುಗಳಿಗೂ ಇದೇ ಕಷ್ಟ ಇತ್ತು.

ಉಡುಪಿ_ಬಯೋಟೆಕ್

ಹಾಗಾದರೆ ನನ್ನ ಎಂಜೈಮ್ ಮಿಲ್ಲಿಗೆ ಬರುವುದಿಲ್ಲ ಅಂತ ಆಯಿತು. ಕ್ಷಾರ, ಶಾಖ ಎರಡನ್ನೂ ತಡೆಯುವ ಜೀವಿ ಎಲ್ಲಿ ಹುಡುಕಲಿ?

ಕಾಪು_ಹುಡುಗ

ಪುತ್ತೂರಿನ ಇರ್ದೆ ಬೆಂದ್ರ್ ತೀರ್ಥ! ಬಿಸಿನೀರಿನ ಬುಗ್ಗೆ ನಮ್ಮ ಜಿಲ್ಲೆಯಲ್ಲೇ ಉಂಟು.

ಶಿರ್ವ_ತೋಟ

ಹೆಸರು ಬೆಂದ್ರ್ ಅಂತ ಇದ್ದರೂ ಅದು ಉಗುರುಬೆಚ್ಚಗೆ ಅಷ್ಟೇ ಮಾರಾಯ. ಸ್ನಾನ ಮಾಡಬಹುದು. ಬೇಕಾದರೆ ನಮ್ಮ ಗೊಬ್ಬರದ ರಾಶಿಗೆ ಬನ್ನಿ. ಹಸಿ ಸೊಪ್ಪು, ಸೆಗಣಿ, ಅಡಿಕೆ ಸಿಪ್ಪೆ ಹಾಕಿ ಕೆಲವು ದಿನ ಬಿಟ್ಟು ಒಳಗೆ ಕೈ ಹಾಕಿದರೆ ಇಡಲಿಕ್ಕೆ ಆಗುವುದಿಲ್ಲ, ಅಷ್ಟು ಬಿಸಿ. ಬೆಳಿಗ್ಗೆ ಕೆದಕಿದರೆ ಹಬೆ ಏಳುತ್ತದೆ.

ಮಣಿಪಾಲ_ಮೈಕ್ರೋ

ಶಿರ್ವದವರು ಹೇಳಿದ್ದು ಸರಿಯಾದ ಜಾಗ. ಗೊಬ್ಬರದ ರಾಶಿ 60-70 ಡಿಗ್ರಿ ಮುಟ್ಟುತ್ತದೆ. ಒಳಗಿನ ಆಹಾರವೂ ಝೈಲಾನೇ. ಆದರೆ ಅಲ್ಲಿ ಕ್ಷಾರ ಅಷ್ಟು ಇರುವುದಿಲ್ಲ.

ಕ್ಷಾರಕ್ಕೆ ನನ್ನ ಸಲಹೆ: ಹೊಳೆ ಬದಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವ ಗೂಡುಗಳು ನಮ್ಮ ಕರಾವಳಿಯಲ್ಲಿ ಇವೆ, ಹಳೆಯವು ಪಾಳು ಬಿದ್ದೂ ಇವೆ. ಸುಣ್ಣದ ಪುಡಿ ಬಿದ್ದು ಬಿದ್ದು ಸುತ್ತಲಿನ ಮಣ್ಣು ಕ್ಷಾರವಾಗಿರುತ್ತದೆ. ಎಲೆ, ಕಡ್ಡಿ, ತೆಂಗಿನ ಸಿಪ್ಪೆ ಅಲ್ಲೇ ಕೊಳೆಯುತ್ತದೆ. ಜಪಾನಿನ ಕೋಕಿ ಹೊರಿಕೋಶಿ 1970ರ ದಶಕದಲ್ಲೇ ಕ್ಷಾರ ಇಷ್ಟಪಡುವ ಬ್ಯಾಸಿಲಸ್ಸುಗಳಿಂದ ಇಂಥ ಝೈಲನೇಸ್ ತೆಗೆದಿದ್ದರು, ಅವೂ ಮಣ್ಣಿನಲ್ಲೇ ಸಿಕ್ಕಿದವು. ಮಾಧ್ಯಮಕ್ಕೆ ಸೋಡಿಯಂ ಕಾರ್ಬೊನೇಟ್ ಹಾಕಿ ಪಿಎಚ್ 10ಕ್ಕೆ ತನ್ನಿ. ಕಾರ್ಬೊನೇಟನ್ನು ಬೇರೆಯಾಗಿ ಆಟೋಕ್ಲೇವ್ ಮಾಡಿ ಆಮೇಲೆ ಸೇರಿಸಿ, ಒಟ್ಟಿಗೆ ಹಾಕಿದರೆ ಕಂದಾಗಿ ಕೆಡುತ್ತದೆ. 55 ಡಿಗ್ರಿಯಲ್ಲಿ ಬೆಳೆಯುವುದನ್ನು ಮಾತ್ರ ಆರಿಸಿ.

ಬ್ಯಾಸಿಲಸ್ಸಿನಲ್ಲಿ ಸೆಲ್ಯುಲೇಸ್ ಇಲ್ಲದ ತಳಿ ಸಿಗುವ ಸಾಧ್ಯತೆ ಕೂಡ ಒಳ್ಳೆಯದಿದೆ.

ಪಣಂಬೂರು_ಗಾಳಿ

ಒಂದು ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ. ಒಡೆದ ಝೈಲಾನ್ ಎಲ್ಲಿಗೆ ಹೋಗುತ್ತದೆ? ಅದೂ ನೀರಿಗೇ ಅಲ್ವಾ?

ಸುರತ್ಕಲ್_ಕೆಮಿಕಲ್

ಒಳ್ಳೆಯ ಪ್ರಶ್ನೆ, ಇದನ್ನು ಮುಚ್ಚಿಡಬಾರದು. ಹೌದು, ನೀರಿಗೇ. ಸಿಒಡಿ, ಬಿಒಡಿ (ನೀರಿನ ಕೊಳೆ ಎಷ್ಟು ಆಕ್ಸಿಜನ್ ಬೇಡುತ್ತದೆ ಅನ್ನುವ ಅಳತೆಗಳು) ಸ್ವಲ್ಪ ಏರುತ್ತವೆ. ಪಲ್ಪಿನ ತೂಕದಲ್ಲೂ ಒಂದೆರಡು ಶೇಕಡಾ ಹೋಗಬಹುದು. ಆದರೆ ಅದು ಸಕ್ಕರೆ. ಟ್ರೀಟ್‌ಮೆಂಟ್ ಪ್ಲಾಂಟಿನ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಕ್ಲೋರಿನ್ ಅಂಟಿದ ಲಿಗ್ನಿನ್ನಿನ ದೊಡ್ಡ ತುಣುಕುಗಳನ್ನು ಅವು ಸುಲಭಕ್ಕೆ ತಿನ್ನಲಾರವು. ಬೇಗ ಕೊಳೆಯುವುದು ಸ್ವಲ್ಪ ಜಾಸ್ತಿ, ಕೊಳೆಯದೆ ಉಳಿಯುವುದು ಕಡಿಮೆ. ನನಗೆ ಇದು ಒಪ್ಪಬಹುದಾದ ವ್ಯವಹಾರ. ಟ್ರೀಟ್‌ಮೆಂಟ್ ಪ್ಲಾಂಟ್ ದಿನವೂ ಸರಿಯಾಗಿ ಓಡಬೇಕು ಅನ್ನುವ ಷರತ್ತಿನ ಮೇಲೆ.

ಪಣಂಬೂರು_ಗಾಳಿ

ಆ ಷರತ್ತಿನ ಬಗ್ಗೆಯೇ ನನ್ನ ತಕರಾರು. ಎಂಜೈಮಿನ ಬಗ್ಗೆ ಇಲ್ಲ.

ಗುರುಪುರ_ಹೊಳೆ

ಅದರಲ್ಲಿ ನಾನು ನಿಮ್ಮ ಜೊತೆ. ಎಂಜೈಮ್ ಹಾಕಿದ್ದೇವೆ ಅಂತ ಹೇಳುವ ಮಿಲ್ ಎಒಎಕ್ಸ್ ಅಳತೆಯನ್ನೂ ಜನರ ಮುಂದಿಡಬೇಕು. ಹಾಕುವ ಮೊದಲು ಎಷ್ಟು, ಹಾಕಿದ ಮೇಲೆ ಎಷ್ಟು.

ಹಂಪನಕಟ್ಟೆ_ಪ್ರೆಸ್

ಲಿಗ್ನಿನ್ನನ್ನೇ ನೇರ ತಿನ್ನುವ ಎಂಜೈಮ್ ಇಲ್ವಾ? ಕೊಳೆತ ಮರದಲ್ಲಿ ಬಿಳಿ ಬಿಳಿ ಆಗಿರುತ್ತದಲ್ಲ, ಮಳೆಗಾಲದಲ್ಲಿ ಅಣಬೆ ಬಂದ ದಿಮ್ಮಿಯಲ್ಲಿ.

ಮಣಿಪಾಲ_ಮೈಕ್ರೋ

ಇದೆ. ನೀವು ನೋಡಿದ್ದು ವೈಟ್ ರಾಟ್ ಶಿಲೀಂಧ್ರದ ಕೆಲಸ. ಲಿಗ್ನಿನ್ ತಿಂದು ಬಿಳಿ ನಾರು ಬಿಡುತ್ತದೆ. ಅದರ ಲಿಗ್ನಿನ್ ಪೆರಾಕ್ಸಿಡೇಸನ್ನು 1983ರಲ್ಲಿ ಕಂಡುಹಿಡಿದರು. ಲ್ಯಾಕೇಸ್ ಅನ್ನುವುದು ಇನ್ನೊಂದು. ಆದರೆ ಲ್ಯಾಕೇಸ್ ದೊಡ್ಡ ಅಣು, ನಾರಿನ ಒಳಗೆ ನುಗ್ಗಲಾರದು. ಮೀಡಿಯೇಟರ್ ಅನ್ನುವ ಚಿಕ್ಕ ಅಣು ಜೊತೆಗೆ ಬೇಕು. 1990ರಲ್ಲಿ ಕೆನಡಾದಲ್ಲಿ ಇದನ್ನು ತೋರಿಸಿದರು. ಲ್ಯಾಬಿನಲ್ಲಿ ಝೈಲನೇಸಿಗಿಂತ ಜೋರು ಕೆಲಸ. ಮೀಡಿಯೇಟರಿನ ಬೆಲೆಯೇ ಅದನ್ನು ಮಿಲ್ಲಿಗೆ ಬಾರದಂತೆ ತಡೆದಿದೆ. ಉಡುಪಿಯವರ ಸೀನಿಯರ್ ಹೇಳಿದ ಮಾತು ಲ್ಯಾಕೇಸಿನ ಬಗ್ಗೆ ಆಗಿದ್ದರೆ ಬಹುಮಟ್ಟಿಗೆ ಒಪ್ಪುತ್ತಿದ್ದೆ.

ಉಡುಪಿ_ಬಯೋಟೆಕ್

ಎಲ್ಲರಿಗೂ ಥ್ಯಾಂಕ್ಸ್. ಗೈಡ್ ಜೊತೆ ಮಾತಾಡಿದೆ. ಸುಣ್ಣದ ಗೂಡಿನ ಮಣ್ಣು, ಗೊಬ್ಬರದ ರಾಶಿ ಎರಡರಿಂದಲೂ ತರಲು ಒಪ್ಪಿದರು. ಆಸ್ಪರ್ಜಿಲಸ್ ಬಿಡುವುದಿಲ್ಲ, ಹೋಲಿಕೆಗೆ ಇಟ್ಟುಕೊಳ್ಳುತ್ತೇನೆ. ಸಿಎಂಸಿ ಪ್ಲೇಟ್ ನಾಳೆಯೇ ಹಾಕುತ್ತೇನೆ. ಪಲ್ಪಿಗೆ ಪತ್ರ ಇವತ್ತು ಕಳಿಸಿದೆ. ಶಿರ್ವದ ಅಣ್ಣ, ಯಾವಾಗ ಬರಲಿ?

ಶಿರ್ವ_ತೋಟ

ಯಾವಾಗ ಬೇಕಾದರೂ ಬನ್ನಿ. ರಾಶಿ ಈಗ ಒಳ್ಳೆ ಬಿಸಿ ಇದೆ. ಮುಂದಿನ ವಾರ ಮಗುಚುತ್ತೇವೆ, ಅದಕ್ಕೆ ಮೊದಲೇ ಬಂದರೆ ಒಳ್ಳೆಯದು.

ಬ್ಲೀಚ್_ಪ್ಲಾಂಟ್_ನಿವೃತ್ತ

ಪಲ್ಪ್ ಬಂದ ಕೂಡಲೇ ಹಿಂಡಿ, ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದ ಹಾಗೆ ಕಟ್ಟಿ 4 ಡಿಗ್ರಿಯಲ್ಲಿ ಇಡಿ. ಫ್ರೀಝರಿಗೆ ಹಾಕಬೇಡಿ. ಪ್ರತಿ ಪ್ರಯೋಗಕ್ಕೂ ಎಂಜೈಮ್ ಇಲ್ಲದ ಒಂದು ಕಂಟ್ರೋಲ್ ಇಡಿ: ಅದೇ ಪಿಎಚ್, ಅದೇ ಬಿಸಿ, ಅಷ್ಟೇ ಹೊತ್ತು. ಬರೀ ಬಿಸಿ ಕ್ಷಾರಕ್ಕೇ ಸ್ವಲ್ಪ ಲಿಗ್ನಿನ್ ಬಿಡುತ್ತದೆ, ಅದನ್ನು ಎಂಜೈಮಿನ ಲೆಕ್ಕಕ್ಕೆ ಸೇರಿಸಿದರೆ ಮಿಲ್ಲಿನವರು ಮೊದಲ ಪುಟದಲ್ಲೇ ಹಿಡಿಯುತ್ತಾರೆ. ಪಲ್ಪ್ 10 ಶೇಕಡಾ ಗಟ್ಟಿ (ನೂರರಲ್ಲಿ ಹತ್ತು ಪಾಲು ನಾರು, ಉಳಿದದ್ದು ನೀರು) ಇರುವಾಗ ಎಂಜೈಮ್ ಒಂದೇ ಕಡೆ ನಿಂತುಬಿಡುತ್ತದೆ, ಕವರಿನೊಳಗೆ ಕೈಯಿಂದ ಚೆನ್ನಾಗಿ ನಾದಿ. ಕಪ್ಪಾ ಬಂದ ಮೇಲೆ ಇಲ್ಲೇ ಹಾಕಿ, ನೋಡುತ್ತೇನೆ.